ಕಾಶವ್ವನ ವಾಡೆ

ಕಿರಿಸಾಲಗಿ ಊರ ನಡುವಿನ ಇಟ್ಟಂಗಿಯ ವಾಡೆಗೆ ಒಂದು ಕಂಬವಿಲ್ಲ, ಒಂದು ತೊಲೆಯಿಲ್ಲ. ದೇಸಾಯರು ದರ್ಬಾರು ನಡೆಸಿದ್ದು ಇಲ್ಲಿಯೇ. ಆಮೇಲೆ ಇದರಲ್ಲಿ ಹತ್ತಿಯ ಅಂಡಿಗೆ ತುಂಬಿದರು, ಮುಂದೆ ಕನ್ನಡ ಸಾಲೆ ಕೂಡಿಸಿದರು, ಈಗ ಊರ ವಾಚನಾಲಯವಿದೆ. ಆದರೆ ಕಟ್ಟಿಸಿದ ದೇಸಾಯರ ಹೆಸರು ಹೇಳಿ ದಾರಿ ಕೇಳಿದರೆ ಯಾರೂ ತೋರಿಸಲಿಕ್ಕಿಲ್ಲ. ಇದು ಕಾಶವ್ವನ ವಾಡೆ.

ಹಿಂದೆ ಒಮ್ಮೆ, ತೊಲೆಗಾಗುವ ಮರ ಈ ಬಯಲಿನಲ್ಲಿ ಎಲ್ಲಿಯೂ ಸಿಗದಾಗ, ಗೌಂಡಿ ಯಮನಪ್ಪ ಮರವಿಲ್ಲದೆಯೇ ಕಟ್ಟಿಕೊಡುತ್ತೇನೆಂದು ದೇಸಾಯರಿಗೆ ಮಾತು ಕೊಟ್ಟನಂತೆ. ಗೋಡೆ ಎಬ್ಬಿಸಿದ, ಒಳಗೆಲ್ಲ ಮಣ್ಣು ತುಂಬಿಸಿ ಮೇಲೆ ಗುಮ್ಮಟದ ಹಾಗೆ ದುಂಡಗೆ ಬಡಿಸಿದ, ಆ ಮಣ್ಣಿನ ಬೆನ್ನ ಮೇಲೆ ಇಟ್ಟಂಗಿ ಹೊಂದಿಸಿ ಗಚ್ಚು ಹಾಕಿದ. ಗಚ್ಚು ಬಲಿತ ಮೇಲೆ ಮಣ್ಣನ್ನೆಲ್ಲ ಬಾಗಿಲಿನಿಂದ ಹೊರಗೆ ಹಾಕಬೇಕು. ಹಾಗೆ ಹಾಕುವಾಗ ಕಟ್ಟಿದ ಗೌಂಡಿಯೇ ಸೂರಿನ ಕೆಳಗೆ ನಿಲ್ಲಬೇಕೆಂಬುದು ಗೌಂಡಿಗಳ ಕಟ್ಟಳೆ. ಏನು ಮಾಡುವುದು, ಅಷ್ಟರಲ್ಲಿ ಯಮನಪ್ಪ ಜ್ವರ ಬಂದು ತೀರಿಹೋದ. ತೊಲೆಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳಲ್ಲಿ ಹುಟ್ಟಿ ಬೆಳೆದ ಆಳುಗಳಿಗೆ ತೊಲೆಯಿಲ್ಲದ ಸೂರೆಂದರೆ ಜೀವಭಯ. ಅವರು ಗುದ್ದಲಿ ಕೆಳಗಿಟ್ಟರು. ದೇಸಾಯರಿಗೂ ಅಂಜಿಕೆ ಹೊಕ್ಕಿತು, ಕೆಡವಿಬಿಡಿ ಎಂದರು.

ಆ ಮಾತು ಕೇಳಿ ಯಮನಪ್ಪನ ಹೆಂಡತಿ ಕಾಶವ್ವನ ಎದೆ ಒಡೆಯಿತು. ಗಂಡನ ಜೊತೆ ಗಚ್ಚು ಅರೆದು ಹೊತ್ತವಳು ಅವಳು. "ಗೌಂಡಿ ಇಲ್ಲಂದ್ರ ಗೌಂಡಿ ಹೆಂಡ್ತಿ ಇಲ್ಲೇನ್ರೀ ಎಪ್ಪಾ? ನಾ ನಿಂದರತೀನಿ" ಎಂದು ಸೆರಗು ಸಿಕ್ಕಿಸಿ ತಾನೇ ಗುದ್ದಲಿ ಹಾಕಿದಳು. ಆಗ ಆಳುಗಳೂ ನಾಚಿಕೊಂಡು ಹಿಂದೆ ಬಂದರು. ಆದರೂ ಅಂಜುಬುರುಕರು, ಎಲ್ಲ ಮಣ್ಣು ತೆಗೆದು ನಟ್ಟನಡುವೆ ಕಂಬದಷ್ಟು ಮಣ್ಣನ್ನು ಹಾಗೇ ಬಿಟ್ಟರು. ಮೇಲಿನ ಭಾರವೆಲ್ಲ ಅದೇ ಹೊತ್ತಿದೆ ಎಂದು ಅವರ ಎಣಿಕೆ.

"ಅದಷ್ಟು ಇರಲಿ ಬಿಡಬೇ ಯವ್ವಾ" ಎಂದು ಹಿರಿಯಾಳು ಕೈಮುಗಿದ.

"ಇದನ್ನ ಬಿಟ್ರ ಮಣ್ಣು ಹೊತ್ತೈತಿ ಅಂತೀರಿ. ನನ್ನ ಗಂಡ ಕಟ್ಟ್ಯಾನ ಅಂತೀರೇನು? ನಡೀರಿ ಹೊರಗ ಎಲ್ಲಾರೂ."

ಒಬ್ಬಳೇ ಉಳಿದು ಅದನ್ನೂ ಕಡಿದಳು. ಮಣ್ಣು ದಡಾರನೆ ಕುಸಿಯಿತು, ಬಾಗಿಲ ತುಂಬ ಧೂಳು ನುಗ್ಗಿತು. ಹೊರಗಿದ್ದವರು ಸತ್ತೇ ಹೋದಳೆಂದು ಬೊಬ್ಬೆ ಹಾಕಿದರು. ಧೂಳು ಅಡಗಿದಾಗ ನೋಡಿದರೆ ಕಾಶವ್ವ ತಲೆಯೆತ್ತಿ ನಿಂತಿದ್ದಾಳೆ! ಅಬ್ಬಾ, ನಾಲ್ಕೂ ಗೋಡೆಯಿಂದ ಬಾಗಿ ಬಾಗಿ ಏರಿ, ನೆತ್ತಿಯಲ್ಲಿ ಒಂದಾದ ಕೆಂಪು ಇಟ್ಟಂಗಿಗಳು. ಒಂದೂ ಕದಲಿರಲಿಲ್ಲ. ಮಣ್ಣಿನ ಮೇಲೆ ಕೂತು ಕಟ್ಟಿದವನು ಒಳಗಿನ ಈ ಚೆಲುವನ್ನು ಒಂದು ಸಲವೂ ಕಂಡಿರಲಿಲ್ಲ. "ಎಷ್ಟ ಚಂದ ಕಟ್ಟೀರಿ, ನೀವ ನೋಡ್ಲಿಲ್ಲಲ್ರೀ" ಎಂದು ಅವಳು ಅಲ್ಲೇ ಕೂತು ಗೋಳೋ ಎಂದು ಅತ್ತಳು ಎನ್ನುತ್ತಾರೆ. ದೇಸಾಯರು ತಲೆಯ ರುಮಾಲು ತೆಗೆದು ಒಳಗೆ ಬಂದರು, ಏನು ಬೇಕು ಕೇಳವ್ವಾ ಎಂದರು.

"ಮ್ಯಾಲ ಸುಣ್ಣ ಹಚ್ಚಬ್ಯಾಡ್ರೀ. ಅವರ ಕೈಕೆಲಸ ಕಾಣ್ಲಿ."

ಇಂದಿಗೂ ವಾಡೆಯ ಗೋಡೆಗಳಿಗೆ ವರ್ಷವರ್ಷ ಸುಣ್ಣ ಬಳಿಯುತ್ತಾರೆ, ಗೋಡೆ ಮುಗಿದಲ್ಲಿ ಕುಂಚ ನಿಲ್ಲಿಸುತ್ತಾರೆ. ಒಳಗೆ ಬಂದವರು ಯಾರೇ ಆಗಲಿ, ಮೊದಲು ತಲೆಯೆತ್ತಿ ನೋಡುತ್ತಾರೆ. ನೋಡದೆ ಹೋದ ಯಮನಪ್ಪನ ಪಾಲಿನದನ್ನೂ ನೋಡುತ್ತಾರೆ.