ಮೂರನೆಯ ದೊರೆಯೂ ಸಿಹಿನೀರಿನ ಬಾವಿಯೂ

ಹತ್ತಿರ ಬನ್ನಿ, ಗಲಾಟೆ ಮಾಡದೆ ಕೇಳಿ. ಸಮುದ್ರದ ನಡುವೆ ಒಂದು ದ್ವೀಪ, ಆ ದ್ವೀಪವೇ ಒಂದು ರಾಜ್ಯ. ಅಲ್ಲಿದ್ದದ್ದು ಒಂದೇ ಒಂದು ಸಿಹಿನೀರಿನ ಬಾವಿ. ಅದರಲ್ಲೂ ಮೇಲೆ ತೆಳ್ಳಗೆ ಸಿಹಿನೀರು, ಕೆಳಗೆಲ್ಲ ಉಪ್ಪುನೀರು. ಅದಕ್ಕೇ ಜನ ಬಾವಿಯಂಚಿಗೆ ಮಂಡಿಯೂರಿ, ತೆಂಗಿನ ಚಿಪ್ಪಿನಲ್ಲಿ ಮೆಲ್ಲಗೆ ಮೊಗೆಯುತ್ತಿದ್ದರು.

ಆ ದ್ವೀಪವನ್ನು ಆಳಿದವರೆಲ್ಲ ಹೊರಗಿನವರೇ. ಮೊದಲು ಬಡಗಣ ವಂಶದವರು ಹಡಗಿನಲ್ಲಿ ಬಂದು ಗೆದ್ದರು. ಬಾವಿಗೆ ಮಂಡಿಯೂರಿದರು, ಚಿಪ್ಪಿನಲ್ಲಿ ಮೊಗೆದರು, ನೂರು ವರ್ಷ ಆಳಿದರು. ಆಮೇಲೆ ಪಡುವಣ ವಂಶದವರು ಬಂದರು. ಅವರೂ ಮಂಡಿಯೂರಿದರು, ಮೊಗೆದರು, ನೂರು ವರ್ಷ ಆಳಿದರು. ಮೂರನೆಯವನು ತೆಂಕಣದ ರಣಧವಳ. ಸೊಕ್ಕು ಅಂದರೆ ಅವನದ್ದು.

"ಒಂದು ಗುಂಡಿಗೆ ನಾನು ಮಂಡಿಯೂರಬೇಕೇ? ಎತ್ತು ಕಟ್ಟಿ, ಕಪಿಲೆ ಹೂಡಿ ನೀರೆತ್ತಿ. ನನ್ನ ಸ್ನಾನದ ಕೊಳ ತುಂಬಲಿ. ಈ ಜನಕ್ಕೆ ನೀರು ಬೇಕಾದರೆ ನನ್ನ ಕಾಲಿಗೆ ಬೀಳಲಿ" ಅಂದ.

ಬಾವಿ ಕಾಯುವ ಹೊನ್ನಜ್ಜಿ ಎದುರು ನಿಂತಳು. "ಕಾಲಿಗೆ ಬೀಳೋದಿಲ್ಲ ದೊರೆ. ಇನ್ನೊಂದು ಮಾತು, ಕಪಿಲೆ ಆಳಕ್ಕಿಳಿಸಬೇಡಿ. ಕೆಳಗಿರೋದು ಉಪ್ಪು."

"ಒಳ್ಳೆ ನೀರು ಕೆಳಗೆ ಬಚ್ಚಿಟ್ಟು ನನಗೇ ಟೋಪಿ ಹಾಕ್ತೀಯಾ? ಇನ್ನೂ ಆಳಕ್ಕೆ ಬಿಡ್ರೋ."

ಊರವರು ಅಜ್ಜಿಯನ್ನು ಬೈದರು. "ಕೆಳಗೆ ಉಪ್ಪಿದೆ ಅನ್ನೋ ಗುಟ್ಟು ಯಾಕೆ ಬಿಟ್ಟುಕೊಟ್ಟೆ?"

"ಬೇಡ ಅಂದದ್ದನ್ನೇ ಮಾಡೋ ಆಸಾಮಿ ಅವನು, ಉಪ್ಪುನೀರೇ ಸಿಕ್ಕಿ ಓಡಿಹೋಗಲಿ ಅಂತಲೇ ಹೇಳಿದೆ. ಮಳೆ ಬಿದ್ದರೆ ಬಾವಿ ಸರಿಹೋಗುತ್ತೆ. ಅಲ್ಲೀತನಕ ಎಳನೀರು ಕುಡಿಯೋಣ, ಮರ ಹತ್ತ್ರಪ್ಪಾ."

ಮೊದಲ ದಿನ ಕಪಿಲೆಗೆ ಸಿಹಿನೀರು ಬಂತು. ಎರಡನೆಯ ದಿನ ಸವಳು. ಮೂರನೆಯ ದಿನ ಅಪ್ಪಟ ಉಪ್ಪು. ಎತ್ತುಗಳೂ ಮೂಸಿ ಮುಖ ತಿರುಗಿಸಿದವು. ಬಾಯಾರಿದ ಸೈನಿಕರು ತೆಂಗಿನ ಮರಕ್ಕೆ ಮುಗಿಬಿದ್ದರು. ಒಬ್ಬ ಅರ್ಧಕ್ಕೇ ಜಾರಿದ. ಇನ್ನೊಬ್ಬ ಕೆಂಜಿಗದ ಇರುವೆಗಳಿಂದ ಕಚ್ಚಿಸಿಕೊಂಡ. ಮೂರನೆಯವನು ಹತ್ತೇನೋ ಹತ್ತಿದ, ಇಳಿಯಲು ಬಾರದೆ ಅಲ್ಲೇ ಕೂತು ಅತ್ತ.

ದೊರೆ ಅಜ್ಜಿಯ ಕುತ್ತಿಗೆಗೆ ಕತ್ತಿ ಇಟ್ಟ. "ಎಳನೀರು ಇಳಿಸು ಅನ್ನು ನಿನ್ನ ಜನಕ್ಕೆ. ಇಲ್ಲಾಂದ್ರೆ ತಲೆ ಹೋಗುತ್ತೆ."

"ತಲೆ ತಾನೆ, ತೆಗೀರಿ. ನನ್ನ ತಲೆ ಉರುಳಿದರೆ ನಿಮ್ಮ ದಾಹ ತೀರುತ್ತಾ? ನಮ್ಮೂರಲ್ಲಿ ಒಬ್ಬನೂ ನಿಮಗೋಸ್ಕರ ಮರ ಹತ್ತೋದಿಲ್ಲ."

ದೊರೆ ಸುತ್ತ ನೋಡಿದ. ಊರಿಗೆ ಊರೇ ಕೈಕಟ್ಟಿ ನಿಂತಿತ್ತು. ತಿರುಗಿ ತನ್ನ ಸೈನ್ಯವನ್ನು ನೋಡಿದ. ಅವರು ಆಗಲೇ ಹಡಗಿನ ಪೀಪಾಯಿಯಲ್ಲಿ ಉಳಿದ ನೀರಿಗೆ ಓಡುತ್ತಿದ್ದರು. ದೊರೆಯೂ ಕತ್ತಿ ಬಿಸಾಕಿ ಅವರ ಹಿಂದೆ ಓಡಿದ. ಸಂಜೆಯೊಳಗೆ ಹಡಗು ಕಣ್ಮರೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯೂ ಸಿಹಿಯಾಯಿತು.

ತಿಳೀತೇನ್ರಪ್ಪಾ? ಊರು ಗೆದ್ದರೆ ಸಾಲದು, ಊರಿನ ರೀತಿ ಕಲಿಯಬೇಕು. ಕಲಿಯದೆ ತುಳಿಯಲು ಬಂದವನಿಗೆ ತಲೆ ಬಾಗಬೇಡಿ, ಅವನು ದೊರೆಯೇ ಆಗಿರಲಿ.