ನೆನೆಹಾಕಿದ ಕಡಲೆ

ಹುಣಸೆಮರದ ಪೊಟರೆಯಲ್ಲಿ ಒಬ್ಬಳು ಮುದಿ ಅಳಿಲಕ್ಕ ಇದ್ದಳು. ಪ್ರಾಯದಲ್ಲಿ ಹೊಲಹೊಲ ಅಲೆದು ಕೂಡಿಟ್ಟ ಒಣಕಡಲೆ ಅಲ್ಲಿ ಕಂಠಮಟ್ಟ ತುಂಬಿತ್ತು. ಆದರೂ ಅವಳು ಹುಣಸೆಯ ಎಳೆ ಚಿಗುರನ್ನು ಚೀಪಿಕೊಂಡೇ ದಿನ ದೂಡುತ್ತಿದ್ದಳು.

ಮರದ ಬುಡದ ಹೊಂಡದಲ್ಲಿದ್ದ ಹಳೆಯ ಗೆಳೆಯ ಕಪ್ಪೆರಾಯ ಒಂದು ದಿನ ಕೇಳಿದ: "ಅಕ್ಕಾ, ಮೈಯಲ್ಲಿ ಬರೀ ಮೂಳೆ ಉಳಿದಿದೆ. ಆ ಕಡಲೆಯೆಲ್ಲ ಯಾರಿಗೆ?"

"ಕಷ್ಟಕಾಲಕ್ಕೆ."

"ಕಷ್ಟಕಾಲ ಬಂದರೆ ಹೇಗೆ ಗೊತ್ತಾಗುತ್ತದೆ?"

"ಅಷ್ಟೂ ಗೊತ್ತಾಗದೆ ಇರುತ್ತದೆಯೇ? ಕೊಂಬೆಯಿಂದ ಕೊಂಬೆಗೆ ಹಾರಲು ಕಾಲು ಹೆದರುತ್ತದೆ. ಬಿಸಿಲಲ್ಲೂ ಚಳಿಯಾಗುತ್ತದೆ. ಹಲ್ಲು..." ಎನ್ನುತ್ತಿದ್ದಂತೆ ನಾಲಿಗೆ ತನ್ನದೇ ಬಾಯಿಯ ಅಲ್ಲಾಡುವ ಹಲ್ಲಿಗೆ ತಾಕಿ, ಮಾತು ಅಲ್ಲಿಗೇ ನಿಂತಿತು.

"ತಮ್ಮಾ, ಅದು ಬಂದು ಬಹಳ ದಿನವಾಯಿತು" ಎಂದಳು ಅಳಿಲಕ್ಕ ಮೆಲ್ಲಗೆ. "ಈಗ ಕಡಲೆಯಿದೆ, ಕಡಿಯುವ ಹಲ್ಲಿಲ್ಲ."

"ನೀರಿದೆಯಲ್ಲ. ಒಂದು ಹಿಡಿ ತಂದು ನೆನೆಹಾಕು."

"ನೆನೆದದ್ದನ್ನು ಮತ್ತೆ ಕೂಡಿಡಲು ಬರುವುದಿಲ್ಲ."

"ಬರುವುದಿಲ್ಲ" ಎಂದು ಕಪ್ಪೆರಾಯ ಒಪ್ಪಿಕೊಂಡ.

ಅಳಿಲಕ್ಕ ಪೊಟರೆಯ ಬಾಯಲ್ಲಿ ಬಹಳ ಹೊತ್ತು ಕುಳಿತಳು. ಆಮೇಲೆ ಒಂದು ಹಿಡಿ ಕಡಲೆ ಇಳಿಸಿ ತಂದು ಹೊಂಡದಂಚಿನ ನೀರಿಗೆ ಹಾಕಿದಳು. ಮರುದಿನ ಬೆಳಗ್ಗೆ ಅವು ಉಬ್ಬಿ, ಒಸಡಿಗೇ ಒಡೆಯುವಷ್ಟು ಮೆತ್ತಗಾಗಿದ್ದವು. ಒಂದೊಂದನ್ನೇ ಕಣ್ಣುಮುಚ್ಚಿ ತಿಂದಳು. ಕೊನೆಯದನ್ನು ನುಂಗಿದವಳೇ ಪೊಟರೆಗೆ ಹತ್ತಿ, ಇನ್ನೊಂದು ಹಿಡಿ ತಂದು ನೀರಿಗೆ ಹಾಕಿದಳು.

"ಇದು ಯಾವ ಕಾಲಕ್ಕೆ ಅಕ್ಕಾ?" ಎಂದ ಕಪ್ಪೆರಾಯ.

"ನಾಳೆ ಬೆಳಗ್ಗೆಗೆ" ಎಂದಳು ಅಳಿಲಕ್ಕ.