ಅಣ್ಣನಿಗಿಂತ ಮೊದಲು ಎದ್ದವನು

“ಗುರುಗಳೇ, ಆಂಬುಲೆನ್ಸ್ ಕರೆಯುವ ಹೊತ್ತು ಬಂದಿದೆ ಎಂದು ತಿಳಿಯುವುದು ಹೇಗೆ?”

ಪ್ರಶ್ನೆ ಕೇಳಿದ ಮರುಳಸಿದ್ಧನ ಮುಖ ಸಪ್ಪಗಿತ್ತು. ಅವನು ಮಠದ ಶಿಷ್ಯ. ಆ ದಿನ ಬೆಳಗ್ಗೆ ಮಠದ ಅಡುಗೆಯವನಾದ ಕೊಟ್ರಪ್ಪ ಒಲೆಯ ಮುಂದೆ ಕುಸಿದು ಕೂತಿದ್ದ. ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಮರುಳಸಿದ್ಧ ಹಿಂದೆ ಮುಂದೆ ನೋಡದೆ ೧೦೮ಕ್ಕೆ ಫೋನ್ ಮಾಡಿದ. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿದರು. ಸೋಮವಾರದ ಉಪವಾಸ ಹಿಡಿದು ಬೆಂಕಿಯ ಮುಂದೆ ನಿಂತದ್ದಕ್ಕೆ ಬಂದ ನಿತ್ರಾಣ, ಬೇರೇನಿಲ್ಲ ಎಂದು ಹೇಳಿ, ಗ್ಲೂಕೋಸ್ ಹಾಕಿ ಸಂಜೆಗೆ ಕಳಿಸಿಕೊಟ್ಟರು. ಈಗ ಮಠದ ತುಂಬ ಅದೇ ಮಾತು. ಒಂದು ಲೋಟ ಪಾನಕ ಕೊಡುವ ಬದಲು ಆಂಬುಲೆನ್ಸ್ ತರಿಸಿದ ಪುಣ್ಯಾತ್ಮ ಎಂದು ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕೊಟ್ರಪ್ಪನೇ.

ಗುರುಗಳು ಶಿಷ್ಯನನ್ನು ಒಮ್ಮೆ ನೋಡಿದರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೊಬ್ಬ ಅಣ್ಣ. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಚಿಕ್ಕವನು. ಸಾಕಿ ದೊಡ್ಡವನನ್ನು ಮಾಡಿ, ಅಂಗಡಿಯಲ್ಲಿ ಕೂರಿಸಿ, ಮದುವೆ ಮಾಡಿಸಿದವನು ಅಣ್ಣನೇ. ಅದಕ್ಕಾಗಿ ತಮ್ಮನಿಗೆ ಅಣ್ಣನೆಂದರೆ ಜೀವ. ಆದರೆ ಅಣ್ಣನ ಬಾಯಿ ಸುಮ್ಮನಿರುವ ಬಾಯಲ್ಲ. ಯಾರ ನಡಿಗೆ, ಯಾರ ಕೆಮ್ಮು, ಯಾರ ಸಿಡುಕು, ಎಲ್ಲವನ್ನೂ ಮಾಡಿ ತೋರಿಸಿ ಊರನ್ನು ನಗಿಸುತ್ತಿದ್ದ. ಅವನು ಅಂಗಡಿಯ ಕಟ್ಟೆಯ ಮೇಲೆ ಕೂತರೆ ಬೆಲ್ಲ ಬೇಡದವರೂ ಬಂದು ನಿಲ್ಲುತ್ತಿದ್ದರು.

ಹಿಂದೊಮ್ಮೆ ತಮ್ಮ ಸಂತೆಯಲ್ಲಿ ಹೊಟ್ಟೆ ಬಿರಿಯುವಷ್ಟು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಂದಿದ್ದ. ಎದೆ ಹಿಡಿದುಕೊಂಡಿತು. ಎಡಭುಜ ಜಗ್ಗಿತು. ಹೆದರಿ ಆಂಬುಲೆನ್ಸ್ ಕರೆದ. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಇಳಿಸುತ್ತಿದ್ದಾಗ ಅವನಿಗೆ ಒಂದು ದೊಡ್ಡ ತೇಗು ಬಂತು. ಎದೆ ಹಗುರವಾಯಿತು. ಡಾಕ್ಟರು ಆದರೂ ಬಿಡದೆ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿದೆ, ಇಂಥ ನೋವು ಬಂದರೆ ಇನ್ನೊಮ್ಮೆಯೂ ಹೀಗೇ ಬನ್ನಿ ಎಂದರು. ಡಾಕ್ಟರ ಆ ಮಾತು ಊರಿಗೆ ಬರಲೇ ಇಲ್ಲ. ತೇಗು ಮಾತ್ರ ಬಂತು.

ಅಣ್ಣನಿಗೆ ಇಷ್ಟು ಸಿಕ್ಕರೆ ಸಾಲದೇ? ಅವತ್ತಿನಿಂದ ಅದೇ ಅವನ ದೊಡ್ಡ ಕತೆ. ಮೊದಲು ಸೈರನ್ ಕೂಗುತ್ತಿದ್ದ. ಆಮೇಲೆ ಬಾಯಿ ಸೊಟ್ಟ ಮಾಡಿ, ನಾಲಿಗೆ ತೊದಲಿಸಿ, ತಮ್ಮ ನರಳಿದ್ದನ್ನು ತೋರಿಸುತ್ತಿದ್ದ. ಕೊನೆಗೆ ಒಂದು ಗಳಿಗೆ ತಡೆದು, ಎಲ್ಲರ ಮುಖ ನೋಡಿ, “ಡಾಕ್ಟ್ರು ಬರೋದ್ರೊಳಗ ತೇಗು ಬಂತ್ರಪ್ಪೋ!” ಎನ್ನುತ್ತಿದ್ದ. ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಗುತ್ತಿತ್ತು. ತಮ್ಮನ ಅಂಗಡಿಯ ಮುಂದೆ ಹಾದು ಹೋಗುವವರು ಸೈರನ್ ಕೂಗಿಕೊಂಡೇ ಹೋಗುತ್ತಿದ್ದರು. ತಮ್ಮ ಹೊರಗೆ ನಗುತ್ತಿದ್ದ, ಒಳಗೆ ಕುದಿಯುತ್ತಿದ್ದ. ಸತ್ತರೂ ಸರಿ, ಇನ್ನು ಆ ಗಾಡಿಯನ್ನು ಕರೆಯುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಇಟ್ಟುಕೊಂಡ.

ಹೀಗಿರುವಾಗ ತಮ್ಮನ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬೀಗರು, ನೆಂಟರಿಷ್ಟರು ಸೇರಿದರು. ಕೂಸಿಗೆ ಹೆಸರಿಟ್ಟರು. ಮಧ್ಯಾಹ್ನ ಪಂಕ್ತಿ ಹಾಕಿದರು. ಆ ಮನೆತನದಲ್ಲಿ ಒಂದು ಕಟ್ಟು ಇತ್ತು. ಪಂಕ್ತಿಯ ಮೊದಲಿಗೆ ಮನೆತನದ ಹಿರಿಯ ಕೂರಬೇಕು. ಅವನು ತುತ್ತು ಎತ್ತಿದ ಮೇಲೆ ಉಳಿದವರು ಎತ್ತಬೇಕು. ಅವನು ಎದ್ದ ಮೇಲೆ ಉಳಿದವರು ಏಳಬೇಕು. ನಡುವೆ ಎದ್ದರೆ ಅನ್ನಕ್ಕೂ ಹಿರಿಯನಿಗೂ ಅವಮಾನ ಮಾಡಿದಂತೆ. ಅಣ್ಣ ಮೊದಲಿಗೆ ಕೂತ. ತಮ್ಮ ಅವನ ಪಕ್ಕಕ್ಕೆ ಕೂತ.

ಹೋಳಿಗೆ ಬಡಿಸುವ ಹೊತ್ತಿಗೆ ಯಾರೋ ಕೆಣಕಿದರು. ಅಣ್ಣ ಕತೆ ಶುರು ಮಾಡಿದ. ತಮ್ಮ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಸೈರನ್ ಆಯಿತು. ಎಲ್ಲರೂ ನಕ್ಕರು. ಬಾಯಿ ಸೊಟ್ಟಗಾಯಿತು. ಮಾತು ತೊದಲಿತು. ಎಂದೂ ನಗದಷ್ಟು ನಕ್ಕರು. ಇವತ್ತು ಭಾಳ ಚಲೋ ಮಾಡಿದ ನೋಡು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಕೊನೆಯ ಮಾತು ಬರಲಿಲ್ಲ.

ಜನ ಕಾದರು. ಬಾಯಿ ಸೊಟ್ಟಗೇ ಇತ್ತು. ಅಣ್ಣನ ಬಲಗೈ ಎಲೆಯ ಮೇಲೆ ಬಿದ್ದಿತ್ತು. ಅವನು ಎಡಗೈಯಿಂದ ಅನ್ನ ಮುಟ್ಟಿದ. ಎದುರು ಸಾಲಿನ ಹಿರಿಯರೊಬ್ಬರು ಮುಖ ಸಿಂಡರಿಸಿದರು. ಪಂಕ್ತಿಯಲ್ಲಿ ಎಡಗೈ ಊಟವೇ, ಚೇಷ್ಟೆಗೂ ಒಂದು ಮಿತಿ ಬೇಡವೇ ಎಂದು ಗೊಣಗಿದರು. ತುಪ್ಪ ಬಡಿಸಲು ಬಂದ ಅತ್ತಿಗೆಯೇ, “ಸಾಕು ಮಾಡ್ರಿ, ಮುಖ ನೆಟ್ಟಗ ಇಟ್ಕೊಂಡು ಉಣ್ರಿ” ಎಂದು ಗಂಡನನ್ನು ಗದರಿ ಮುಂದಿನ ಎಲೆಗೆ ಹೋದಳು.

ತಮ್ಮನ ಕೈ ಮಾತ್ರ ಎಲೆಯಲ್ಲೇ ನಿಂತಿತು. ಆ ಕತೆಯನ್ನು ಅವನಷ್ಟು ಸಲ ಕೇಳಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅಣ್ಣ ಎಲ್ಲಿ ಉಸಿರು ಹಿಡಿಯುತ್ತಾನೆ, ಎಲ್ಲಿ ಹುಬ್ಬು ಹಾರಿಸುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಜ್ವರ ಬಂದಾಗಲೂ ಅಣ್ಣ ಆ ಕೊನೆಯ ಮಾತು ಬಿಟ್ಟವನಲ್ಲ.

ಆದರೂ ತಮ್ಮ ಏಳಲಿಲ್ಲ. ಏಳುವುದು ಹೇಗೆ? ಅಣ್ಣ ಎದ್ದಿಲ್ಲ. ಎದ್ದು ಫೋನ್ ಮಾಡಿದ ಮೇಲೆ ಅಣ್ಣ ಹೋ ಎಂದು ನಕ್ಕರೆ? ಒಂದು ತೇಗಿಗೆ ವರ್ಷಗಟ್ಟಲೆ ತಿಂದ ಮಾತು ಸಾಲದೆಂದು, ಈಗ ಬೀಗರ ಮುಂದೆ ಇನ್ನೊಂದು ಬೇಕೇ? ಇನ್ನೊಂದು ಗಳಿಗೆ ನೋಡೋಣ, ಈಗ ಹೇಳುತ್ತಾನೆ, ಈಗ ನಗುತ್ತಾನೆ ಎಂದು ಅವನ ಮನಸ್ಸು ಅವನನ್ನು ಹಿಡಿದು ಕೂರಿಸಿತು. ಪಂಕ್ತಿಗೆ ಪಂಕ್ತಿಯೇ ಹಿರಿಯ ಏಳಲಿ ಎಂದು ಕಾದು ಕೂತಿತ್ತು. ಹಿರಿಯನಿಗೆ ಏಳಲು ಆಗುತ್ತಿರಲಿಲ್ಲ.

ತಮ್ಮ ಮೆಲ್ಲಗೆ, “ಅಣ್ಣ, ಕತಿ ಮುಗಸು” ಎಂದ.

ಅಣ್ಣ ಅವನತ್ತ ತಿರುಗಿ ನೋಡಿದ. ಬರೀ ನೋಡಿದ. ಆ ಕಣ್ಣಿನಲ್ಲಿ ಚೇಷ್ಟೆ ಇರಲಿಲ್ಲ. ಹೆದರಿಕೆ ಇತ್ತು. ಅಣ್ಣ ಹೆದರಿದ್ದನ್ನು ತಮ್ಮ ಹುಟ್ಟಿದಂದಿನಿಂದ ನೋಡಿರಲಿಲ್ಲ.

ತಮ್ಮ ಎದ್ದ.

ಪಂಕ್ತಿಯಲ್ಲಿ ಗುಲ್ಲೆದ್ದಿತು. ಹಿರಿಯರು ಕೂತಿರುವಾಗ ಎದ್ದೆಯಲ್ಲೋ ಎಂದು ಒಬ್ಬರು ಕೂಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಎಂಜಲು ಕೈಯನ್ನು ಹಾಗೇ ಹಿಡಿದು, ಇನ್ನೊಂದು ಕೈಯಿಂದ ಫೋನ್ ತೆಗೆದ. ಅದನ್ನು ಕಂಡು ಬೀಗರು ಅವನ ತೋಳು ಹಿಡಿದರು.

“ತೊಟ್ಲ ಕಟ್ಟಿದ ಮನಿ ಮುಂದ ಆ ಗಾಡಿ ನಿಲ್ಲಬಾರದ್ರಿ. ಒಂಚೂರು ಮಜ್ಜಿಗಿ ಕುಡಿಸಿ ಮಲಗಸ್ರಿ. ಪಂಕ್ತಿ ಮುಗೀಲಿ, ನನ್ನ ಕಾರಿನ್ಯಾಗ ಕರ್ಕೊಂಡು ಹೋಗೋಣು.”

“ಗಾಡಿ ನಿಂತರ ತೊಟ್ಲಕ್ಕೇನೂ ಆಗಲ್ರಿ. ನನಗ ಅಣ್ಣ ಬೇಕು” ಎಂದ ತಮ್ಮ. ತೋಳು ಬಿಡಿಸಿಕೊಂಡ.

ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಏನಾಗಿದೆ ಎಂದು ಕೇಳಿದಳು. ಏನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ.

“ಏನಂತ ಗೊತ್ತಿಲ್ರಿ ಅವ್ವ. ನಮ್ಮಣ್ಣ ಕತಿ ಮುಗಸಲಿಲ್ಲ.”

ಆಕೆ ನಗಲಿಲ್ಲ. ಊರು, ಮನೆಯ ಗುರುತು ಕೇಳಿ ಗಾಡಿ ಹೊರಡಿಸಿದಳು. ಆಮೇಲೆ ಒಂದೊಂದಾಗಿ ಕೇಳಿದಳು. ನಗಲು ಹೇಳಿ, ಮುಖ ಎರಡೂ ಕಡೆ ಅರಳುತ್ತದೆಯೇ? ಒಂದು ಕಡೆ ಮಾತ್ರ ಅರಳಿತು. ಊರನ್ನೆಲ್ಲ ನಗಿಸುತ್ತಿದ್ದವನ ನಗು ಅರ್ಧಕ್ಕೇ ನಿಂತದ್ದನ್ನು ಕಂಡು ತಮ್ಮನ ಎದೆ ಒಡೆಯಿತು. ಎರಡೂ ಕೈ ಮೇಲೆತ್ತುತ್ತಾರೆಯೇ? ಬಲಗೈ ಏಳಲಿಲ್ಲ. ಮಾತು? ತೊದಲು. ಯಾವಾಗ ಶುರುವಾಯಿತು? ಹೋಳಿಗೆ ಬಡಿಸುವಾಗ ಸರಿಯಾಗಿದ್ದ ಎಂದ. ಹೊಟ್ಟೆಗೆ ಏನೂ ಕೊಡಬೇಡಿ, ನೀರು ಕೂಡ ಬೇಡ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಎಂದಳು. ಅಷ್ಟರಲ್ಲಿ ಬೀಗರು ಮಜ್ಜಿಗೆಯ ಲೋಟ ತಂದು ಅಣ್ಣನ ತುಟಿಗೆ ಹಿಡಿಯಲು ಬಂದಿದ್ದರು. ತಮ್ಮ ಅದನ್ನು ಕಸಿದುಕೊಂಡು ಕೆಳಗಿಟ್ಟ.

ಬೀದಿಯ ತುದಿಯಲ್ಲಿ ಸೈರನ್ ಕೇಳಿಸಿತು. ಆ ಮನೆಯವರು ಅಣ್ಣನ ಬಾಯಲ್ಲಿ ಅದನ್ನು ಎಷ್ಟೋ ಸಲ ಕೇಳಿ ನಕ್ಕಿದ್ದರು. ಅವತ್ತು ಯಾರೂ ನಗಲಿಲ್ಲ. ಅತ್ತಿಗೆ ತುಪ್ಪದ ಗಿಂಡಿಯನ್ನು ಹಿಡಿದೇ ಆಂಬುಲೆನ್ಸ್ ಹತ್ತಿದಳು.

ಗಾಡಿಯವರು ದಾರಿಯಲ್ಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿದ್ದರು. ಬಾಗಿಲಲ್ಲೇ ಕಾದಿದ್ದವರು ಅಣ್ಣನನ್ನು ಒಳಗೆ ಕರೆದೊಯ್ದರು. ತಮ್ಮ ಹೊರಗಿನ ಬೆಂಚಿನ ಮೇಲೆ ಕೂತ. ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಬಂದರು. ಮೆದುಳಿಗೆ ಹೋಗುವ ರಕ್ತ ಹೆಪ್ಪುಗಟ್ಟಿ ನಿಂತಿತ್ತು, ಅದನ್ನು ಕರಗಿಸುವ ಔಷಧಿ ಹೊತ್ತು ಮೀರಿದರೆ ಕೊಡಲು ಬರುವುದಿಲ್ಲ, ನೀವು ಮೀರುವ ಮೊದಲೇ ತಂದಿರಿ, ಕೈ ಆಗಲೇ ಸ್ವಲ್ಪ ಆಡುತ್ತಿದೆ ಎಂದರು. ತಮ್ಮ ಕೈಮುಗಿಯಲು ಹೋದ. ಆಗ ನೋಡಿಕೊಂಡ. ಬಲಗೈಯಲ್ಲಿ ಮಧ್ಯಾಹ್ನದ ಅನ್ನ ಹಾಗೇ ಒಣಗಿತ್ತು. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ. ಕೈ ತೊಳೆಯುತ್ತ ಅತ್ತ. ಅತ್ತು ಹಗುರಾದ.

ಕೆಲವು ದಿನಗಳ ಮೇಲೆ ಅಣ್ಣನಿಗೆ ಮಾತು ಮರಳತೊಡಗಿತು. ನಾಲಿಗೆ ಇನ್ನೂ ದಪ್ಪ. ಒಂದೊಂದು ಶಬ್ದವನ್ನೂ ಎಳೆದು ತರಬೇಕಿತ್ತು. ತಮ್ಮ ಮಂಚದ ಪಕ್ಕದಲ್ಲಿ ಮೋಸಂಬಿ ಸುಲಿಯುತ್ತ ಕೂತಿದ್ದ. ಅಣ್ಣ ಅವನನ್ನೇ ನೋಡುತ್ತ, “ನಾ ಏಳೋದ್ಕಿಂತ... ಮೊದ್ಲೇ... ಎದ್ದಿಯಲ್ಲೋ” ಎಂದ.

ತಮ್ಮ ತಲೆ ತಗ್ಗಿಸಿದ. “ತಪ್ಪಾತು, ಅಣ್ಣ.”

ಅಣ್ಣ ಬಲಗೈಯನ್ನು ನಿಧಾನವಾಗಿ ಜಾರಿಸಿ ತಂದು ತಮ್ಮನ ಕೈಯ ಮೇಲಿಟ್ಟ. ಆಮೇಲೆ ಒಂದು ಗಳಿಗೆ ತಡೆದ. ಹುಬ್ಬು ಹಾರಿಸಿದ.

“ಡಾಕ್ಟ್ರು... ಬರೋದ್ರೊಳಗ... ತೇಗು... ಬಂತ್ರಪ್ಪೋ.”

ತಮ್ಮ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಏನಾಯಿತೋ ಎಂದು ನರ್ಸ್ ಓಡಿ ಬಂದು ನೋಡಿದಳು. ಇಷ್ಟು ವರ್ಷ ಮೈ ಉರಿಸಿದ ಆ ಮಾತು ಅವತ್ತು ಅವನಿಗೆ ಎಷ್ಟು ಹಿತವಾಯಿತೆಂದರೆ, “ಇನ್ನೊಮ್ಮೆ ಹೇಳು ಅಣ್ಣ” ಎಂದು ತಾನೇ ಕೇಳಿದ. ಅಣ್ಣ ಇನ್ನೊಮ್ಮೆ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಉಸಿರು ಬಿಟ್ಟ. ಅಣ್ಣ ಉಳಿದದ್ದು ಅವನಿಗೂ ಸಮಾಧಾನ ತಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಮತ್ತೆ ಪಾನಕದ ಮಾತು ಕೇಳಿಸಿತು. ಅದರ ಹಿಂದೆಯೇ ಎಲ್ಲರ ನಗೆ. ಕೊಟ್ರಪ್ಪನ ದನಿ ಎಲ್ಲಕ್ಕಿಂತ ಮೇಲಿತ್ತು. ಮರುಳಸಿದ್ಧನ ಮುಖ ಮತ್ತೆ ಕೆಂಪಾಯಿತು.

“ಗುರುಗಳೇ, ಆ ತಮ್ಮನ ಹೆದರಿಕೆ ನಿಜವಾಯಿತು, ಸರಿಹೋಯಿತು. ಅವತ್ತು ಅಣ್ಣ ಬರೀ ಚೇಷ್ಟೆಗೇ ಹಾಗೆ ಮಾಡಿದ್ದರೆ?”

ಗುರುಗಳು ಅಡುಗೆಮನೆಯ ಕಡೆ ಕಿವಿಯಿಟ್ಟು, ಆ ನಗೆ ಮುಗಿಯುವವರೆಗೆ ಕೇಳಿಸಿಕೊಂಡರು. ಮರುಳಸಿದ್ಧನೂ ಕೇಳಿಸಿಕೊಂಡ. ಆಮೇಲೆ ಗುರುಗಳು ಹೇಳಿದರು.

“ಚೇಷ್ಟೆಯಾಗಿದ್ದರೆ ಊರೆಲ್ಲ ನಗುತ್ತಿತ್ತು, ಅದರಲ್ಲಿ ಅಣ್ಣನ ನಗುವೂ ಇರುತ್ತಿತ್ತು.”